ಶುಕ್ರವಾರ ಚೆಲ್ಲದ ನೀರು

ನಾನು ಏನು ಓದಿದೆನೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನರ್ಸಿಂಗ್ ಮುಗಿಸಿ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಏಳು ವರ್ಷ ಕೆಲಸ ಮಾಡುವವರೆಗೆ ಅವರಿಗೆ ತೊಂದರೆ ಇರಲಿಲ್ಲ. ನೆಂಟರು ಕೇಳಿದರೆ 'ನರ್ಸು' ಎಂದರೆ ಮಾತು ಮುಗಿಯುತ್ತಿತ್ತು. ಮೂವತ್ತೆರಡನೇ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು, ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡುತ್ತೇನೆ ಎಂದಾಗ ಅಪ್ಪ ಪೇಪರ್ ಕೆಳಗಿಟ್ಟು, ಅದು ಮುಗಿದರೆ ಡಾಕ್ಟರ್ ಆಗುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಇಂಜೆಕ್ಷನ್ನಾದರೂ ಕೊಡಬಹುದಾ ಎಂದರು. ಅದನ್ನು ಈಗಲೇ ಕೊಡುತ್ತಿದ್ದೇನಲ್ಲ ಎಂದೆ. ಹಾಗಾದರೆ ಓದುವುದು ಯಾಕೆ ಎಂದು ಕೇಳಿ ಮತ್ತೆ ಪೇಪರ್ ಎತ್ತಿಕೊಂಡರು.

ಯಾಕೆ ಎಂಬುದು ನನಗೆ ಗೊತ್ತಿತ್ತು. ಮಳೆಗಾಲ ಶುರುವಾಗಿ ಒಂದು ತಿಂಗಳಾದರೆ ನಮ್ಮ ವಾರ್ಡಿಗೆ ಡೆಂಗಿ ಜ್ವರದವರು ಬರುತ್ತಿದ್ದರು. ಅವರ ವಿಳಾಸ ಬರೆದುಕೊಳ್ಳುವವಳು ನಾನೇ. ಒಂದೇ ಬೀದಿ, ಅಕ್ಕಪಕ್ಕದ ಮನೆ, ಕೆಲವೊಮ್ಮೆ ಒಂದೇ ಮನೆಯ ಅಣ್ಣ ತಂಗಿ. ಡ್ರಿಪ್ ಹಾಕಿ, ವಾರ ಇಟ್ಟುಕೊಂಡು, ಎಳನೀರು ಕುಡೀರಿ ಎಂದು ಹೇಳಿ ಅದೇ ಮನೆಗೆ, ಅದೇ ನೀರಿನ ಡ್ರಮ್ಮಿನ ಪಕ್ಕಕ್ಕೆ ವಾಪಸ್ ಕಳಿಸುತ್ತಿದ್ದೆವು. ಇದೆಂಥ ಕೆಲಸ ಅನ್ನಿಸುತ್ತಿತ್ತು. ಮಂಚದ ಹತ್ತಿರ ನಿಂತು ಸಾಕಾಗಿತ್ತು. ಆ ಬೀದಿಗೆ ಹೋಗಿ ನಿಲ್ಲಬೇಕು ಅನ್ನಿಸಿತ್ತು. ನನಗೆ ಸ್ವಲ್ಪ ಜಂಬವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಪರವಾಗಿ ಮಾತಾಡಿದವಳು ದೊಡ್ಡಮ್ಮ ಒಬ್ಬಳೇ. ಸ್ವಂತ ದೊಡ್ಡಮ್ಮ ಅಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆಯ ಹಿಂದಿನ ಮನೆಯವಳು. ಅವಳ ಗಂಡ ಅಪ್ಪನ ಜೊತೆ ಕಾರ್ಖಾನೆಯಲ್ಲಿ ಒಂದೇ ಶಿಫ್ಟಿನಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಹಪ್ಪಳ ಸಂಡಿಗೆ ಮಾಡಿ ಮಾರಿ ಮಗನನ್ನು ಓದಿಸಿದ್ದಳು. ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಈ ವಯಸ್ಸಿಗೆ ಮದುವೆ ಬಿಟ್ಟು ಓದು ಅಂತಾಳಲ್ಲ ಎಂದು ದೂರು ಕೊಟ್ಟಾಗ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಬಂದು ಕೂತಳು.

"ಓದ್ಲಿ ಬಿಡೇ ಮಾರಾಯ್ತಿ. ಅವಳು ಓದಿದ್ರೆ ನಿನ್ನ ತಲೆ ಮೇಲೆ ಭಾರ ಬೀಳುತ್ತಾ?" ಎಂದಳು. ನಾನು ಏನು ಓದಲು ಹೊರಟಿದ್ದೇನೆಂದು ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಪರೀಕ್ಷೆ ಇದೆ, ಮಾರ್ಕ್ಸ್ ಬರಬೇಕು, ಇಷ್ಟು ಅವಳಿಗೆ ಸಾಕಿತ್ತು.

ಶಿವಮೊಗ್ಗದ ಹೊಸಮನೆಯಲ್ಲಿ ಒಂದು ರೂಮು ಹಿಡಿದೆ. ಊರು ಮುಕ್ಕಾಲು ಗಂಟೆಯ ಬಸ್ ದಾರಿ, ಆದರೂ ದಿನಾ ಓಡಾಡಿದರೆ ಓದು ಹತ್ತುವುದಿಲ್ಲ ಅನ್ನಿಸಿತು. ನನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತೆ. ಅವರೆಲ್ಲ ಲ್ಯಾಪ್‌ಟಾಪ್ ಬಿಚ್ಚಿ ಚಕಚಕನೆ ಲೆಕ್ಕ ಹಾಕುವಾಗ ನಾನು ನೋಟ್‌ಬುಕ್ಕಿನಲ್ಲಿ ಗೀಟೆಳೆಯುತ್ತಿದ್ದೆ. ಜಾಗತಿಕ ಆರೋಗ್ಯ ಎಂಬ ಒಂದು ಪೇಪರ್ ಇತ್ತು. ನಾನು ಎಂದೂ ನೋಡದ ದೇಶಗಳ ಭೂಪಟ, ಅಲ್ಲಿನ ಬಾವಿ, ಅಲ್ಲಿನ ಬಾಣಂತಿಯರು. ಓದುತ್ತ ಓದುತ್ತ ಆ ಬಾವಿಕಟ್ಟೆಯಲ್ಲಿ ನಿಂತವರು ನಮ್ಮ ಬೀದಿಯವರೇ ಅನ್ನಿಸುತ್ತಿತ್ತು. ಪಾಠ ಮಾಡಲು ದೂರದಿಂದ ಬಂದ ಪ್ರೊಫೆಸರರೊಬ್ಬರನ್ನು ಬಿಡುವಿನ ದಿನ ಆನೆ ತೋರಿಸಲು ಸಕ್ರೆಬೈಲಿಗೆ ಕರೆದುಕೊಂಡು ಹೋದರು. ಓಲ್ಡ್ ಟೌನಿನ ಡ್ರಮ್ಮು ತೋರಿಸೋಣ ಎಂದು ನನ್ನ ಬಾಯಿಗೆ ಬಂದಿತ್ತು, ಹೇಳಲಿಲ್ಲ.

ಎರಡನೇ ವರ್ಷ ಪ್ರಬಂಧ ಬರೆಯಬೇಕು. ನಾನು ನಮ್ಮ ಬೀದಿಯನ್ನೇ ಆರಿಸಿಕೊಂಡೆ. ಅಲ್ಲಿ ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ, ಆದ್ದರಿಂದ ಮನೆಮನೆಯಲ್ಲೂ ನೀಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಬಚ್ಚಲಲ್ಲಿ ಹಂಡೆ. ಡೆಂಗಿ ತರುವ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಿಲ್ಲ, ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಹೆಚ್ಚುಕಡಿಮೆ ಒಂದು ವಾರ. ಅದಕ್ಕೇ ವಾರಕ್ಕೊಂದು ದಿನ ಎಲ್ಲ ಪಾತ್ರೆ ಬರಿದು ಮಾಡಿ, ಉಜ್ಜಿ, ಒಣಗಿಸಿ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರುತ್ತಾರೆ. ಆ ದಿನವನ್ನು ಯಾರೋ ಶುಕ್ರವಾರ ಎಂದು ಇಟ್ಟಿದ್ದರು.

ನಮ್ಮ ಕಡೆ ಶುಕ್ರವಾರ ಮನೆಯ ನೀರನ್ನು ಬರಿದು ಮಾಡುವುದಿಲ್ಲ. ತುಂಬಿದ ಕೊಡ ಲಕ್ಷ್ಮಿ. ಅವತ್ತು ಹಂಡೆ ಬೋರಲು ಹಾಕಿದರೆ ಅವಳನ್ನು ಕೈಯಾರೆ ಹೊರಗೆ ತಳ್ಳಿದ ಹಾಗೆ ಎಂದು ಅಮ್ಮ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಉಳಿದ ದಿನವೂ ಪೂರ್ತಿ ಬರಿದು ಮಾಡುವವರು ಕಡಿಮೆ. ತಳದಲ್ಲಿ ಒಂದು ಬಿಂದಿಗೆಯಷ್ಟು ಬಿಟ್ಟೇ ಅದರ ಮೇಲೆ ಹೊಸ ನೀರು ತುಂಬುತ್ತಾರೆ. ಇದು ಗೊತ್ತಿದ್ದೂ ನಾನು ಕಾಲೇಜಿನಲ್ಲಿ ಕೊಟ್ಟ ಫಾರಂ ಹಿಡಿದುಕೊಂಡು ಹೊರಟೆ. ಅದರ ಹನ್ನೊಂದನೇ ಪ್ರಶ್ನೆ ಹೀಗಿತ್ತು: ಪ್ರತಿ ಶುಕ್ರವಾರ ನೀರಿನ ಪಾತ್ರೆಗಳನ್ನು ಪೂರ್ತಿ ಖಾಲಿ ಮಾಡುತ್ತೀರಾ? ಪಕ್ಕದಲ್ಲಿ ಹೌದು, ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಚೌಕ: ಟಾರ್ಚ್ ಬೆಳಕಿನಲ್ಲಿ ಕಣ್ಣಾರೆ ನೋಡಿದೆ. ಶುಕ್ರವಾರದ ವಿಷಯವನ್ನು ನನ್ನ ಗೈಡ್ ಆಗಿದ್ದ ಮೇಡಂಗೆ ಹೇಳಿದ್ದೆ. ಫಾರಂ ಈಗಾಗಲೇ ಸಮಿತಿಯಲ್ಲಿ ಮಂಜೂರಾಗಿದೆ, ಬದಲಾಯಿಸಿದರೆ ಮತ್ತೆ ಮೂರು ತಿಂಗಳು ಎಂದರು. ಮೂರು ತಿಂಗಳು ಎಂದ ಕೂಡಲೇ ನಾನು ತೆಪ್ಪಗಾದೆ.

ನಮ್ಮ ಬೀದಿಯಲ್ಲಿ ನನಗೆ ಸಿಕ್ಕಿದ ಮರ್ಯಾದೆ ಯಾವ ಸರ್ಕಾರಿ ಅಧಿಕಾರಿಗೂ ಸಿಕ್ಕಿರಲಾರದು. ಹೋದ ಮನೆಯಲ್ಲೆಲ್ಲ ಚಾಪೆ, ಕಾಫಿ, ಕೋಡುಬಳೆ. ಡ್ರಮ್ಮಿಗೆ ಮುಚ್ಚಳವಿದೆಯೇ? ಹೌದು. ವಾರಕ್ಕೊಮ್ಮೆ ಉಜ್ಜುತ್ತೀರಾ? ಹೌದು. ಹನ್ನೊಂದನೆಯದಕ್ಕೂ ಹೌದು. ಒಬ್ಬಾಕೆ, ಹೋದ ತಿಂಗಳು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ ಎಂದರೂ ಹೌದು ಎಂದಳು. ಯಾರಿಗೆ ಎಂದರೆ ತಬ್ಬಿಬ್ಬಾಗಿ, ಯಾರಿಗೂ ಇಲ್ಲ ಎಂದು ನಕ್ಕಳು. ನಾನೂ ನಕ್ಕು ತಿದ್ದಿಕೊಂಡೆ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಏಳು ವರ್ಷ ವಾರ್ಡಿನಲ್ಲಿ ಇದ್ದವಳು, ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳುವ ರೋಗಿಯ ಮುಖ ಎಷ್ಟು ನೋಡಿಲ್ಲ. ಆದರೆ ಅನುಮಾನ ಬೇಡವಾಗಿತ್ತು. ದಿನಕ್ಕೆ ಹತ್ತು ಫಾರಂ ತುಂಬುತ್ತಿದ್ದವು, ನನಗೆ ಅದು ಬೇಕಾಗಿತ್ತು.

ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ ಒಬ್ಬರ ಮನೆ. ಅವರ ಹೆಂಡತಿ ಮಾತ್ರ ಹನ್ನೊಂದನೇ ಪ್ರಶ್ನೆಗೆ ತಲೆ ಅಲ್ಲಾಡಿಸಿದರು. "ಇಲ್ಲಮ್ಮಾ, ಜುಮ್ಮಾ ದಿನ ಸ್ನಾನಕ್ಕೆ, ನಮಾಜಿಗೆ ನೀರು ಬೇಕಲ್ಲ. ನಾವು ಗುರುವಾರಾನೇ ಎಲ್ಲ ಚೆಲ್ಲಿ ಉಜ್ಜಿ ತುಂಬಿಸ್ತೀವಿ" ಎಂದರು. ಅವರೇ ಎದ್ದುಹೋಗಿ ಮುಚ್ಚಳ ತೆಗೆದು ತೋರಿಸಿದರು. ಟಾರ್ಚ್ ಬಿಟ್ಟರೆ ಡ್ರಮ್ಮಿನ ತಳದ ಗೀರುಗಳೂ ಕಾಣುತ್ತಿದ್ದವು, ಒಂದು ಹುಳವಿಲ್ಲ. ಆದರೆ ಪ್ರಶ್ನೆ ಶುಕ್ರವಾರದ್ದು. ಹಾಗಾಗಿ ಆ ಬೀದಿಯಲ್ಲಿ ನಿಜವಾಗಿ ನೀರು ಬರಿದು ಮಾಡುತ್ತಿದ್ದ ಒಂದು ಮನೆಗೆ ನಾನು 'ಇಲ್ಲ' ಎಂದು ಗುರುತು ಹಾಕಿದೆ.

ದೊಡ್ಡಮ್ಮನ ಮನೆಗೆ ಕೊನೆಯ ದಿನ ಹೋದೆ. ಅಕ್ಕಿ ರೊಟ್ಟಿ ತಟ್ಟುತ್ತ ಕೂತಿದ್ದಳು. ಪ್ರಶ್ನೆ ಕೇಳುವ ಮುಂಚೆಯೇ ಹೌದು ಹೌದು ಎನ್ನುತ್ತಿದ್ದಳು. ಟಾರ್ಚ್ ಹಿಡಿದು ಬಚ್ಚಲಿನ ಕಡೆ ಎದ್ದೆ. ನನ್ನ ಕೈ ಹಿಡಿದು ಕೂರಿಸಿದಳು.

"ರೊಟ್ಟಿ ಆರೋಗುತ್ತೆ, ಕೂತ್ಕೊಳ್ಳೇ. ನಾನು ಹೇಳಿದ ಮೇಲೆ ನೋಡೋದೇನಿದೆ?"

ಅವಳ ಡ್ರಮ್ಮಿನೊಳಗೆ ಟಾರ್ಚ್ ಬಿಡುವುದೆಂದರೆ ಅವಳ ಮಾತನ್ನು ನಂಬಲಿಲ್ಲ ಎಂದ ಹಾಗೆ. ಹಾಗೆಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹಸಿವಾಗಿತ್ತು, ಐದೂವರೆಯ ಬಸ್ ಹಿಡಿಯಬೇಕಿತ್ತು, ಮತ್ತು ಒಳಗೆ ಏನಿರಬಹುದೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ನೋಡಿದರೆ ಬರೆಯಬೇಕಾಗುತ್ತದೆ. ರೊಟ್ಟಿ ತಿಂದು, ಎಡಗೈಯಲ್ಲಿ ಫಾರಂ ಒತ್ತಿಹಿಡಿದು, 'ಹೌದು' ಎಂಬಲ್ಲಿಗೂ 'ಕಣ್ಣಾರೆ ನೋಡಿದೆ' ಎಂಬಲ್ಲಿಗೂ ಟಿಕ್ ಹಾಕಿದೆ. ಇನ್ನೂ ಕೆಲವು ಮನೆಗಳಲ್ಲಿ ಹೀಗೇ ಮಾಡಿದ್ದೆ. ಎಷ್ಟು ಮನೆ ಎಂದು ಆಮೇಲೆ ಎಣಿಸಿದೆ, ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಲೆಕ್ಕ ಹಾಕಿ ಕೋಷ್ಟಕ ಮಾಡಿದಾಗ ಗೈಡ್ ಮೇಡಂ ಬಹಳ ಖುಷಿಪಟ್ಟರು. ಬಹುಪಾಲು ಮನೆಗಳು ಶುಕ್ರವಾರದ ನಿಯಮ ಪಾಲಿಸುತ್ತಿವೆ, ಅರಿವು ಚೆನ್ನಾಗಿದೆ ಎಂದು ಮುಖ್ಯ ಫಲಿತಾಂಶದಲ್ಲಿ ಬರೆದೆ. ಕರಡಿನ ಪ್ರಿಂಟ್ ತೆಗೆಸಿ ಹೊಸಮನೆಯ ರೂಮಿನಲ್ಲಿ ಓದುತ್ತ ಕೂತಿದ್ದೆ. ಹೊರಗೆ ವಾರದಿಂದ ಬಿಟ್ಟು ಬಿಟ್ಟು ಮಳೆ. ಅಮ್ಮನ ಫೋನ್ ಬಂತು. ಹಿಂದಿನ ಮನೆಯ ದೊಡ್ಡಮ್ಮನಿಗೆ ನಾಲ್ಕು ದಿನದಿಂದ ಜ್ವರ ಇತ್ತು, ಇವತ್ತು ಬಿಟ್ಟಿದೆ, ಆದರೆ ಏನೂ ಸೇರುತ್ತಿಲ್ಲ, ಹೊಟ್ಟೆನೋವು ಅಂತಾಳೆ ಎಂದಳು. ಅಮ್ಮ ಸಮಾಧಾನದಿಂದಲೇ ಹೇಳಿದ್ದು. ಆದರೆ ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ. ಜೊತೆಗೆ ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಅವಳ ಮಗನಿಗೆ ಫೋನ್ ಮಾಡಿ ಕಾರು ಹಿಡಿದು ಈಗಲೇ ಶಿವಮೊಗ್ಗಕ್ಕೆ ಕರೆದುಕೊಂಡು ಬಾ ಎಂದು ಕೂಗಾಡಿದೆ.

ದೊಡ್ಡಾಸ್ಪತ್ರೆಯಲ್ಲಿ ಸೇರಿಸಿದರು. ಅವರು ಮಾಡುವುದನ್ನೆಲ್ಲ ಮಾಡಿದರು, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮರುದಿನ ಗುರುವಾರ ಮಧ್ಯಾಹ್ನ ಅವಳಿಗೆ ಸ್ವಲ್ಪ ಗೆಲುವಾದಂತೆ ಕಂಡಿತು. ಮಗ ಔಷಧಿ ತರಲು ಕೆಳಗೆ ಹೋಗಿದ್ದ. ಕೈಕಾಲು ತಣ್ಣಗಿದ್ದವು, ನಾನು ಪಾದ ತಿಕ್ಕುತ್ತ ಕೂತಿದ್ದೆ.

"ನಿನ್ನ ಪರೀಕ್ಷೆ ಏನಾಯ್ತೇ?" ಎಂದಳು.

ಚೆನ್ನಾಗಾಯಿತು ಎಂದೆ.

"ಆಗದೆ ಏನು. ನೀನು ಬರೋಕ್ ಮುಂಚೇನೇ ನಾನು ಮನೆಮನೆಗೂ ಹೋಗಿ ಹೇಳಿ ಬಂದಿದ್ದೆ. ನಮ್ಮ ಹುಡುಗಿ ಫಾರಂ ಹಿಡ್ಕೊಂಡು ಬರ್ತಾಳೆ, ಏನು ಕೇಳಿದ್ರೂ ಹೌದು ಅನ್ನಿ, ಅವಳಿಗೆ ಮಾರ್ಕ್ಸ್ ಬರ್ಲಿ ಅಂತ." ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಕೊನೇ ಮನೆಗೊಂದು ಹೋಗಕ್ಕಾಗ್ಲಿಲ್ಲ. ಮಂಡಿ ನೋವು. ಆ ಸಾಬರ ಮನೆಯಾಕೆ ಏನಂದ್ಲೋ ಏನೋ. ಹೌದು ಅಂದ್ರೇನೇ ಅಲ್ವಾ ಸರಿ ಉತ್ತರ?"

ಹೌದು ದೊಡ್ಡಮ್ಮ ಎಂದೆ.

ಆ ಮಂಡಿಯನ್ನು ಹಿಡಿದುಕೊಂಡು ಅವಳು ಮೆಟ್ಟಿಲು ಹತ್ತಿ ಇಳಿದು ಬೀದಿಗೆಲ್ಲ ಹೇಳಿ ಬಂದದ್ದನ್ನು ನೆನೆದರೆ ಈಗಲೂ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ನಮ್ಮವರಿಗೆ ಫಾರಂ ಹಿಡಿದು ಬಂದವರೆಲ್ಲ ಪರೀಕ್ಷೆ ಮಾಡುವವರು ಅಥವಾ ಪರೀಕ್ಷೆ ಬರೆಯುವವರು. ಯಾರಾದರೂ ಒಬ್ಬರು ಪಾಸಾಗಬೇಕು. ಮನೆಯ ಹುಡುಗಿಯನ್ನು ಫೇಲ್ ಮಾಡಿಸುವುದುಂಟೇ?

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡಮ್ಮ ಹೋದಳು.

ಭದ್ರಾವತಿಗೆ ತಂದಾಗ ಬೀದಿಯವರೆಲ್ಲ ಸೇರಿದ್ದರು. ಹೆಣ ಎತ್ತಿದ ಮೇಲೆ ಗಂಡಸರು ಹೋದರು, ಹೆಂಗಸರು ಮನೆ ತೊಳೆಯಲು ನಿಂತೆವು. ಸಾವಾದ ಮನೆಯಲ್ಲಿ ಹಳೆಯ ನೀರು ಇಟ್ಟುಕೊಳ್ಳುವುದಿಲ್ಲ. "ಮನೇಲಿರೋ ನೀರೆಲ್ಲ ಚೆಲ್ಲಿ" ಎಂದು ಹಿರಿಯಾಕೆಯೊಬ್ಬರು ಹೇಳಿದರು. ಒಬ್ಬರು ಹಂಡೆ ಬಗ್ಗಿಸಿದರು, ಇನ್ನೊಬ್ಬರು ತೊಟ್ಟಿಯ ಬಿರಡೆ ಕಿತ್ತರು, ಕುಡಿಯುವ ನೀರಿನ ಕೊಡಗಳನ್ನೂ ಹೊರಗೆ ತಂದು ಸುರಿದರು. ನಾನು ನೀಲಿ ಡ್ರಮ್ಮಿನ ಅಂಚು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಉರುಳಿಸಿದೆ. ಮೇಲಿನ ನೀರು ಹರಿದು ಹೋಯಿತು. ತಳದ ಒಂದು ಬಿಂದಿಗೆ ನೀರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಡಿತು. ಅದರಲ್ಲಿ ಸೊಳ್ಳೆಯ ಮರಿಗಳು, ಲೆಕ್ಕವಿಲ್ಲದಷ್ಟು, ಕೊಂಕಿಕೊಂಡು ವಿಲವಿಲ ಒದ್ದಾಡುತ್ತಿದ್ದವು. ಟಾರ್ಚ್ ಬೇಕಿರಲಿಲ್ಲ. ನಡುಮಧ್ಯಾಹ್ನದ ಬೆಳಕಿತ್ತು.

ಅವತ್ತು ಶುಕ್ರವಾರ ಎಂದು ಯಾರೂ ಹೇಳಲಿಲ್ಲ. ನಾನು ಕಲ್ಲಿನ ಪಕ್ಕದಲ್ಲೇ ಕೂತು ಅವು ಒಂದೊಂದಾಗಿ ಅಲುಗಾಟ ನಿಲ್ಲಿಸುವವರೆಗೆ ನೋಡಿದೆ. ಅಮ್ಮ ಬಂದು, ಎದ್ದೇಳು, ಇನ್ನೂ ಸ್ನಾನ ಆಗಬೇಕು ಎಂದಳು.

ಅವಳನ್ನು ಕಚ್ಚಿದ ಸೊಳ್ಳೆ ಅದೇ ಡ್ರಮ್ಮಿನಲ್ಲಿ ಹುಟ್ಟಿದ್ದೆಂದು ಯಾರೂ ಸಾಬೀತು ಮಾಡಲಾರರು. ಪಕ್ಕದ ಮನೆಯದಿರಬಹುದು, ನಮ್ಮ ಮನೆಯದೇ ಇರಬಹುದು. ಇದನ್ನು ನಾನು ಓದಿದ್ದೇನೆ, ಬೇಕಾದರೆ ಪಾಠ ಮಾಡಬಲ್ಲೆ. ಅದರಿಂದ ಒಂದು ದಿನವೂ ಸಮಾಧಾನವಾಗಿಲ್ಲ. ಅವತ್ತು ಎದ್ದು ನೋಡಿದ್ದರೆ ಹುಳ ಕಾಣುತ್ತಿತ್ತು. ಕಂಡಿದ್ದರೆ ಜಗಳವಾಡಿಯಾದರೂ ಚೆಲ್ಲಿಸುತ್ತಿದ್ದೆ. ಅವಳು ಸಿಟ್ಟು ಮಾಡಿಕೊಂಡು ಎರಡು ದಿನ ಮಾತು ಬಿಡುತ್ತಿದ್ದಳು, ಮೂರನೇ ದಿನ ತಾನೇ ಸಂಡಿಗೆ ಹಿಡಿದುಕೊಂಡು ಬರುತ್ತಿದ್ದಳು.

ವೈಕುಂಠ ಸಮಾರಾಧನೆ ಮುಗಿಸಿ ಕಾಲೇಜಿಗೆ ಹೋದೆ. ಪ್ರಬಂಧದಲ್ಲಿರುವುದು ಸುಳ್ಳು ಎಂದು ಗೈಡ್ ಮೇಡಂಗೆ ಹೇಳಿದೆ. ಅವರು ಒಳ್ಳೆಯವರು, ಬಾಗಿಲು ಮುಂದೆ ಮಾಡಿ ನೀರು ಕೊಟ್ಟರು. ಜನ ಸರಿಯೆನ್ನಿಸುವ ಉತ್ತರ ಕೊಡುವುದು ಎಲ್ಲ ಸಮೀಕ್ಷೆಯಲ್ಲೂ ಇರುತ್ತದೆ, ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರೇ ಇದೆ, 'ಮಿತಿಗಳು' ಎಂಬ ಕಡೆ ಒಂದು ವಾಕ್ಯ ಸೇರಿಸು ಸಾಕು ಎಂದರು. ಜನರ ಸುಳ್ಳಲ್ಲ ಮೇಡಂ, ನನ್ನದು ಎಂದೆ. ನೋಡದೆ ಹಾಕಿದ ಟಿಕ್ಕುಗಳ ವಿಷಯ ಹೇಳಿದೆ. ಅವರು ಕರಡನ್ನು ಮುಚ್ಚಿಟ್ಟರು. ಹಾಗಾದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ, ಒಂದು ವರ್ಷ ಹಿಂದೆ ಬೀಳುತ್ತೀಯ ಎಂದರು. ಬೀಳುತ್ತೇನೆ ಎಂದೆ.

ಮುಂದಿನ ಮಳೆಗಾಲದಲ್ಲಿ ಅದೇ ಬೀದಿಗೆ ಹೊಸ ಫಾರಂ ಹಿಡಿದು ಹೋದೆ. ಈ ಸಲ ಪ್ರಶ್ನೆ ಕಡಿಮೆ, ಟಾರ್ಚ್ ಹೆಚ್ಚು. ಮುಚ್ಚಳ ತೆಗೆದೆ, ಕಂಡಿದ್ದನ್ನು ಬರೆದೆ. ಬಹುಪಾಲು ಮನೆಗಳಲ್ಲಿ ಹುಳವಿತ್ತು. ನಾನು ಬಗ್ಗಿ ನೋಡುವಾಗ ಹಿಂದೆ ನಿಂತ ಹೆಂಗಸರು ನನ್ನ ಪೆನ್ನನ್ನೇ ನೋಡುತ್ತಿದ್ದರು. ಕೋಡುಬಳೆ ಬರಲಿಲ್ಲ. ನನ್ನನ್ನು ಎತ್ತಿ ಆಡಿಸಿದ ಒಬ್ಬಾಕೆ ಬಾಗಿಲಲ್ಲೇ ಪಕ್ಕಕ್ಕೆ ಸರಿದು, "ಬನ್ನಿ ಮೇಡಂ, ನೋಡ್ಕೊಳ್ಳಿ" ಎಂದರು. ಅದು ಕೊಂಕಲ್ಲ, ನಿಜವಾದ ಭಯ. ಬೀದಿಯ ಕೊನೆಯ ಮನೆಯಾಕೆ ಮಾತ್ರ ಮೊದಲಿನಂತೆಯೇ ಮುಚ್ಚಳ ತೆಗೆದು ತೋರಿಸಿ, ಚಹಾ ಕೊಟ್ಟು, ನಿಮ್ಮ ಹಿಂದಿನ ಮನೆಯ ಅಮ್ಮ ಹೋದಮೇಲೆ ಬೀದಿ ಬಣಗುಟ್ಟುತ್ತಿದೆ ಎಂದರು.

ಪದವಿ ಬಂತು. ಈಗ ಕಾಲೇಜಿನ ಅದೇ ವಿಭಾಗದಲ್ಲಿ ಗುತ್ತಿಗೆಯ ಕೆಲಸದಲ್ಲಿದ್ದೇನೆ. ದಿನವನ್ನು ಗುರುವಾರಕ್ಕೆ ಬದಲಾಯಿಸಿದರೆ ನಮ್ಮ ಹೆಂಗಸರು ನಿಜವಾಗಿ ನೀರು ಚೆಲ್ಲುತ್ತಾರೆ ಎಂದು ಆರೋಗ್ಯ ಇಲಾಖೆಗೆ ಎರಡು ಸಲ ಬರೆದುಕೊಟ್ಟೆ. ಪರಿಶೀಲಿಸುತ್ತೇವೆ ಎಂದಿದ್ದಾರೆ. ಆಟೋ ಇನ್ನೂ ಶುಕ್ರವಾರ ಎಂದೇ ಕೂಗಿಕೊಂಡು ಹೋಗುತ್ತದೆ. ಅಪ್ಪ ಮಾತ್ರ ನೆಂಟರು ಬಂದಾಗ ಬೈಂಡ್ ಮಾಡಿಸಿದ ಪ್ರಬಂಧವನ್ನು ಕಪಾಟಿನಿಂದ ತೆಗೆದು ತೋರಿಸುತ್ತಾರೆ.

ಮೊದಲ ಸಲದ ಫಾರಂಗಳನ್ನು ಹರಿದು ಹಾಕಬೇಕೆಂಬುದು ನಿಯಮ. ಹರಿದು ಹಾಕಿದೆ, ಒಂದನ್ನು ಬಿಟ್ಟು. ಅದು ನನ್ನ ಟ್ರಂಕಿನಲ್ಲಿದೆ, ಮೂಲೆಯಲ್ಲಿ ರೊಟ್ಟಿಯ ಎಣ್ಣೆ ಕಲೆ. ಹನ್ನೊಂದನೇ ಪ್ರಶ್ನೆಗೆ ದೊಡ್ಡಮ್ಮ ಹೌದು ಎಂದದ್ದು ನನಗೋಸ್ಕರ. ಅವಳ ಸುಳ್ಳನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅದರ ಪಕ್ಕದ ಚೌಕದಲ್ಲಿ, ಕಣ್ಣಾರೆ ನೋಡಿದೆ ಎಂಬಲ್ಲಿ, ಇರುವ ಟಿಕ್ ನನ್ನದು.